ಹನ್ನೊಂದು ಎಲೆಗಳ ತನಿಖೆ

ಒಂದು ರಾತ್ರಿಯ ಮಟ್ಟಿಗೆ ತಂಗಿಯ ಮನೆಗೆ ಹೊರಟ ಹೆಂಡತಿ, ನಿವೃತ್ತ ಪೋಸ್ಟ್‌ಮಾಸ್ತರರಿಗೆ ಹೇಳಿದ್ದು ಇಷ್ಟೇ. "ರೀ, ಬಾಲ್ಕನಿಯ ಸೌತೆಬಳ್ಳಿ ಹೂ ಬಿಟ್ಟಿದೆ. ಬುಡಕ್ಕೆ ನೀರು ಹಾಕಿ, ಸಾಕು. ತಲೆ ಓಡಿಸಬೇಡಿ."

ಹಿಂದಿನ ಮೂರು ಬಳ್ಳಿಗಳು ಅವರ ಆರೈಕೆಯಲ್ಲೇ ಕಣ್ಣು ಮುಚ್ಚಿದ್ದವು. ಇದೂ ಹೋದರೆ ಅವರ ಆರಾಮ ಕುರ್ಚಿ ಬಾಲ್ಕನಿಯಿಂದ ಎತ್ತಂಗಡಿ ಎಂದು ತೀರ್ಪಾಗಿತ್ತು. ಆ ಕುರ್ಚಿಯೆಂದರೆ ಅವರಿಗೆ ಪ್ರಾಣ.

ಬೆಳಿಗ್ಗೆ ನೋಡಿದರೆ ಹನ್ನೊಂದೂ ಎಲೆಗಳ ಮೇಲೆ ಬಿಳಿ ಪುಡಿ. ಮಾಸ್ತರರು ಒಂದೆಲೆ ಕಿತ್ತು, ಲಕೋಟೆಗೆ ಹಾಕಿ, ನಂಬರು ಬರೆದು ಎದುರುಮನೆಗೆ ಹೋದರು. ಎದುರುಮನೆಯವನು ಔಷಧಿ ಅಂಗಡಿಯವನು. ಆದ್ದರಿಂದ ಸಕಲ ರೋಗಗಳೂ ಅವನ ಸ್ವಂತ ಆಸ್ತಿ.

"ಬೂದಿ ರೋಗ ಸಾರ್. ಶಿಲೀಂಧ್ರ. ಆದ್ರೂ ಒಂದೆಲೆ ನೋಡಿ ಹೇಳೋಕಾಗುತ್ತಾ? ಮೇಲಿಂದ, ನಡುವಿಂದ, ಬುಡದಿಂದ ಒಂದೊಂದು ತನ್ನಿ."

ತಂದರು. ಅವನು ನಾಲ್ಕನ್ನೂ ಮೂಸಿ, ಮತ್ತೆ ಬೂದಿ ರೋಗವೆಂದೇ ಹೇಳಿದ.

ಮಹಡಿಯ ವಿಜ್ಞಾನದ ಮೇಷ್ಟ್ರು ಬಿಡುತ್ತಾರೆಯೇ? "ಅವನಿಗೇನ್ರೀ ಗೊತ್ತು? ಇದು ಎಲೆಚುಕ್ಕೆ ರೋಗ. ಅವನು ಮುಟ್ಟಿದ್ದು ಬೇಡ, ಹೊಸದಾಗಿ ನಾಲ್ಕು ತನ್ನಿ." ಒಬ್ಬರು ನೋಡಿದ ಕಾಗದ ಇನ್ನೊಬ್ಬರಿಗೆ ಹೋಗಬಾರದೆಂಬುದು ಮಾಸ್ತರರ ಮೂವತ್ತು ವರ್ಷದ ಶಿಸ್ತೂ ಆಗಿತ್ತು. ನಾಲ್ಕು ಹೊಸ ಲಕೋಟೆ ಸಿದ್ಧವಾದವು.

ಇಬ್ಬರೂ ಮೆಟ್ಟಿಲ ಮೇಲೆ ಕಚ್ಚಾಡುತ್ತಿದ್ದಾಗ ಮಾಸ್ತರರು ಉಳಿದ ಮೂರನ್ನೂ ಕಿತ್ತು, ಬಿಸಿಲಲ್ಲಿ ಬೆವರಿಳಿಸುತ್ತ ತೋಟಗಾರಿಕೆ ಕಚೇರಿಗೆ ನಡೆದರು.

ಅಲ್ಲಿನ ಅಧಿಕಾರಿಣಿ ಒದ್ದೆ ಬಟ್ಟೆಯಿಂದ ಎಲೆ ಒರೆಸಿದರು. ಪುಡಿಯ ಕೆಳಗೆ ಎಲೆ ಹಚ್ಚಹಸಿರು.

"ಬೂದಿ ರೋಗ ಆಗಿದ್ರೆ ಒಂದೆರಡು ಎಲೆ ಮೇಲೆ ದುಂಡಗೆ ಮಚ್ಚೆ ಶುರುವಾಗಿ, ಆಮೇಲೆ ಹರಡುತ್ತೆ. ಒಂದೇ ರಾತ್ರೀಲಿ ಎಲ್ಲಾ ಎಲೆಗೂ ಬರಲ್ಲ. ಇಲ್ನೋಡಿ, ಹನಿ ಇಳಿದ ಗುರುತು. ರೋಗ ಬರದೇ ಇರ್ಲಿ ಅಂತ ಯಾರೋ ಅಡುಗೆ ಸೋಡಾ ನೀರು ಸಿಂಪಡಿಸಿದ್ದಾರೆ. ತಿಳಿದವರ ಕೆಲಸ. ಬಳ್ಳಿ ಗಟ್ಟಿಮುಟ್ಟಾಗಿದೆ, ನಿಶ್ಚಿಂತೆಯಿಂದ ಹೋಗಿ."

ಮಾಸ್ತರರು ಕೈಯಲ್ಲಿದ್ದ ಲಕೋಟೆ ನೋಡಿದರು. ನಂಬರು ಹನ್ನೊಂದು.

ಸಂಜೆ ಹೆಂಡತಿ ಚಪ್ಪಲಿ ಬಿಡುತ್ತಲೇ ಕೇಳಿದಳು. "ರೀ, ಹೊರಡೋ ಮುಂಚೆ ಬಳ್ಳಿಗೆ ಸೋಡಾ ನೀರು ಹೊಡೆದಿದ್ದೆ, ಹೇಳೋಕೆ ಮರೆತೆ. ಎಲೆ ಮೇಲೆ ನೀರು ಗೀರು ಹಾಕಿ ತೊಳೆದಿಲ್ಲ ತಾನೇ?"

"ಒಂದೆಲೆ ಮೇಲೂ ಹಾಕಿಲ್ಲ ಕಣೇ," ಎಂದು ಮಾಸ್ತರರು ಸತ್ಯವನ್ನೇ ನುಡಿದು, ಆರಾಮ ಕುರ್ಚಿಯನ್ನು ತಾವೇ ಎತ್ತಿ ಒಳಗೆ ತಂದಿಟ್ಟರು.