ಹಲ್ಲು ಡಾಕ್ಟ್ರ ಮನೆಯ ಹಾಲಿ ನಿವಾಸಿಯ ಅಹವಾಲು

ನೋವುನಿವಾರಕರೂ, ಸಹನಾಮೂರ್ತಿಗಳೂ, ಇಪ್ಪತ್ತಾರು ವರ್ಷ ಈ ನಗರದ ಬಾಯಿಗಳನ್ನೆಲ್ಲ ತೆರೆಸಿ ನೋಡಿದವರೂ ಆದ ಮಾನ್ಯ ದಂತವೈದ್ಯರೇ,

ತಮಗೆ ಅನಂತ ನಮಸ್ಕಾರಗಳು. ತಾವೂ, ತಮ್ಮ ಕುಟುಂಬದವರೂ, ಇಲ್ಲಿಂದ ಬಿಚ್ಚಿಸಿಕೊಂಡು ಹೋದ ಆ ಒರಗು ಕುರ್ಚಿಯೂ ಮಹಾನಗರದಲ್ಲಿ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾನು ಯಾರೆಂದು ತಮಗೆ ತಿಳಿದಿರಲಾರದು. ಆ ವಿಷಯದಲ್ಲಿ ತಾವೂ ಈ ಊರಿನವರೂ ಒಂದೇ. ತಾವು ಖಾಲಿ ಮಾಡಿದ ಮನೆಗೆ ಕಳೆದ ವರ್ಷ ಬಾಡಿಗೆಗೆ ಬಂದವನು ನಾನು, ವೃತ್ತಿಯಿಂದ ಗಡಿಯಾರ ರಿಪೇರಿಯವನು. ಈ ಅಹವಾಲನ್ನು ಖಾಸಗಿಯಾಗಿಯೇ ತಿಳಿಸಬೇಕೆಂಬ ಸಭ್ಯತೆ ನನಗೂ ಇತ್ತು. ಮೂರು ಸಲ ಬರೆದೆ, ಲಕೋಟೆಯ ಮೇಲೆ ತಮ್ಮ ಹೊಸ ವಿಳಾಸವನ್ನು ದಪ್ಪ ಅಕ್ಷರಗಳಲ್ಲಿ ಬರೆದೆ. ಆದರೆ ಇಲ್ಲಿನ ಅಂಚೆಯವರು ‘ದಂತವೈದ್ಯರು’ ಎಂಬ ಪದದಿಂದ ಮುಂದಕ್ಕೆ ಓದುವ ಅಗತ್ಯವನ್ನೇ ಕಾಣದೆ, ಮೂರನ್ನೂ ಮರುದಿನವೇ ನನ್ನ ಬಾಗಿಲಿಗೆ ತಂದುಕೊಟ್ಟರು. ಅದೇ ಅಂಚೆ ಕಚೇರಿಯಲ್ಲಿ ನನ್ನ ಹೆಂಡತಿಯೇ ಮೇಲ್ವಿಚಾರಕಿ ಎಂಬುದನ್ನೂ ವಿನಯಪೂರ್ವಕವಾಗಿ ದಾಖಲಿಸುತ್ತೇನೆ. ಆದ್ದರಿಂದ ಬೇರೆ ದಾರಿ ಕಾಣದೆ, ಎಲ್ಲರೂ ಓದುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಾವು ಇಲ್ಲಿಗೆ ಬಂದದ್ದು ಅವಳ ಬಡ್ತಿಯ ದೆಸೆಯಿಂದ. ಬಡ್ತಿಯ ಜೊತೆಗೇ ವರ್ಗದ ಆದೇಶವೂ ಬಂದಿತ್ತು. ತಾವೀಗ ಇರುವ ಅದೇ ಮಹಾನಗರದಲ್ಲಿ, ರೈಲು ನಿಲ್ದಾಣದ ಪಕ್ಕದಲ್ಲಿ, ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ದೊಡ್ಡದಾದ ಅಂಗಡಿಯೊಂದನ್ನು ನಾನು ಹತ್ತೊಂಬತ್ತು ವರ್ಷ ನಡೆಸಿದ್ದೆ. ಅದನ್ನು ಭಾವಮೈದುನನ ಕೈಗೆ ಕೊಟ್ಟು, ಉಪಕರಣಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಂಡತಿ ಮತ್ತು ಎಂಟು ವರ್ಷದ ಮಗಳೊಂದಿಗೆ ಇಲ್ಲಿಗೆ ಬಂದೆ. ಹೊರಡುವಾಗಲೇ ಒಪ್ಪಂದವಾಗಿತ್ತು. “ಒಂದು ವರ್ಷ ನೋಡೋಣ ರೀ, ನಿಮ್ಮ ಕೆಲಸ ಅಲ್ಲಿ ಹತ್ತಲಿಲ್ಲ ಅಂದ್ರೆ ನೀವು ವಾಪಸ್ ಬನ್ನಿ, ನಾವಿಬ್ರೂ ಅಲ್ಲೇ ಹೇಗೋ ಇರ್ತೀವಿ” ಎಂದಿದ್ದಳು. ಆ ‘ಹೇಗೋ’ ಎಂಬುದನ್ನು ಹಗುರವಾಗಿ ಹೇಳಲು ಅವಳು ಪಟ್ಟ ಪಾಡನ್ನು ನೋಡಿ ನನಗೆ ಅಂದು ಊಟ ಸೇರಲಿಲ್ಲ. ವಾರಕ್ಕೊಮ್ಮೆ ಚೀಲ ಹಿಡಿದು ಬಂದುಹೋಗುವ ಅಪ್ಪನಾಗುವುದು ನನಗೆ ಬೇಡವಾಗಿತ್ತು. ಇಷ್ಟೇ ನನ್ನ ಆಸೆ, ಇದಕ್ಕಿಂತ ದೊಡ್ಡದೇನೂ ಇರಲಿಲ್ಲ.

ಈ ಊರಿನ ಹಿರಿಮೆಯನ್ನು ತಮ್ಮ ಮುಂದೆ ವರ್ಣಿಸಿದರೆ ಅಧಿಕಪ್ರಸಂಗವಾದೀತು. ಆದರೂ ಹೊಸಬನ ಕಣ್ಣಿಗೆ ಬಿದ್ದಷ್ಟನ್ನು ಹೇಳುತ್ತೇನೆ. ಇದು ಮಹಾನಗರವೂ ಅಲ್ಲ, ಹಳ್ಳಿಯೂ ಅಲ್ಲ, ಎರಡರ ಅನುಕೂಲವೂ ಇಲ್ಲಿದೆ ಎಂದು ಬರುವ ಮುಂಚೆ ಎಲ್ಲರೂ ಹೇಳಿದ್ದರು. ಇಲ್ಲಿ ಎಲ್ಲಿಗೆ ಹೋಗಬೇಕಾದರೂ ಹತ್ತೇ ನಿಮಿಷ. ಶಾಲೆ ಹತ್ತು ನಿಮಿಷ, ಆಸ್ಪತ್ರೆ ಹತ್ತು ನಿಮಿಷ, ಶಾಲೆಯಿಂದ ಆಸ್ಪತ್ರೆಗೂ ಹತ್ತೇ ನಿಮಿಷ. ವೃತ್ತಿಧರ್ಮಕ್ಕೆ ಕಟ್ಟುಬಿದ್ದು ನಾನು ಕೈಗಡಿಯಾರ ನೋಡುತ್ತ ಒಂದೊಂದನ್ನೂ ನಡೆದು ಅಳೆದಿದ್ದೇನೆ, ಮೂವತ್ತೈದಕ್ಕಿಂತ ಕಡಿಮೆ ಬಂದದ್ದು ಯಾವುದೂ ಇಲ್ಲ. ಇರಲಿ. ಮಹಾನಗರದಲ್ಲಿ ಯಾರಿಗೂ ಯಾರೂ ಗೊತ್ತಿರುವುದಿಲ್ಲ, ಅದೊಂದು ಬಗೆಯ ನೆಮ್ಮದಿ. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಅದು ಇನ್ನೊಂದು ಬಗೆಯದು. ಇಲ್ಲಿ ಮಾತ್ರ, ಗೊತ್ತಿರಬೇಕಾದವರ ಪಟ್ಟಿ ಎಂದೋ ಭರ್ತಿಯಾಗಿ ಮುಚ್ಚಿಹೋಗಿದೆ. ಹೊಸಬರು ಬಂದರೆ ಜನ ಅವರನ್ನು ಪಟ್ಟಿಗೆ ಸೇರಿಸುವ ಗೋಜಿಗೆ ಹೋಗದೆ, ಅದರಲ್ಲಿ ಖಾಲಿಯಾದ ಜಾಗವೊಂದನ್ನು ಹುಡುಕಿ ಕೂರಿಸಿಬಿಡುತ್ತಾರೆ. ನನಗೆ ಸಿಕ್ಕಿದ್ದು ತಮ್ಮ ಜಾಗ.

ಮೊದಲ ದಿನ ಸಾಮಾನಿನ ಲಾರಿ ತಿರುವಿನ ಬೇಕರಿಯ ಮುಂದೆ ನಿಂತಾಗಲೇ ನನಗೆ ಇದರ ಸುಳಿವು ಸಿಗಬೇಕಿತ್ತು. ಮನೆ ಸಂಖ್ಯೆ ಹೇಳಿದರೆ ಬೇಕರಿಯವರು ನನ್ನನ್ನೇ ಮಿಕಿಮಿಕಿ ನೋಡಿದರು. ಬೀದಿಯ ಹೆಸರು ಹೇಳಿದರೆ “ಇಲ್ಲಿ ಅಂಥ ಬೀದಿ ಇಲ್ಲ” ಎಂದರು, ಹೆಸರಿನ ಫಲಕ ಅವರ ಅಂಗಡಿಯ ನೆತ್ತಿಯ ಮೇಲೇ ಇದ್ದರೂ. ಕೊನೆಗೆ ಮನೆ ಮಾಲೀಕರಿಗೆ ಫೋನು ಮಾಡಿ ಕೇಳಿದಾಗ ಅವರು “ಹಲ್ಲು ಡಾಕ್ಟ್ರ ಮನೆ ಅನ್ನಿ ಸಾರ್” ಎಂದರು. ನಾನು ಹಾಗೆ ಅಂದದ್ದೇ ತಡ, ಬೇಕರಿಯವರ ಜೊತೆ ಬೀದಿಯ ನಾಲ್ಕು ಮಂದಿ ಓಡಿಬಂದು ಸಾಮಾನು ಇಳಿಸಿದರು. ಎಂಥ ಸಜ್ಜನರು ಎಂದು ನಾವು ಹಿರಿಹಿರಿ ಹಿಗ್ಗಿದೆವು.

ಮುಂದಿನ ಕೋಣೆಯ ನೆಲದಲ್ಲಿ ತಮ್ಮ ಕುರ್ಚಿಯ ನಾಲ್ಕು ಬೋಲ್ಟಿನ ತೂತುಗಳಿವೆ, ಗೋಡೆಯಲ್ಲಿ ಕತ್ತರಿಸಿ ಮುಚ್ಚಿದ ನೀರಿನ ಪೈಪಿದೆ, ಗೋಡೆಯ ಬೀರುವನ್ನು ಎಷ್ಟು ತೊಳೆದರೂ ಔಷಧದ ವಾಸನೆ ಹೋಗುವುದಿಲ್ಲ. ಬೆಳಕು ಚೆನ್ನಾಗಿದೆಯೆಂದು ಅಲ್ಲೇ ಕಿಟಕಿಯ ಪಕ್ಕ ನನ್ನ ಮೇಜು ಹಾಕಿಕೊಂಡೆ. ಅದೇ ನಾನು ಮಾಡಿದ ತಪ್ಪು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಸಣ್ಣ ಚಿಮಟ ಹಿಡಿದು, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಬಗ್ಗಿ ಕೂತವನನ್ನು ಬೀದಿಯಿಂದ ನೋಡಿದ ಯಾರಿಗೇ ಆಗಲಿ ಯಾವ ಅನುಮಾನ ಉಳಿದೀತು? ಎರಡನೆಯ ದಿನವೇ ಲಾರಿ ಚಾಲಕರೊಬ್ಬರು ಕಿಟಕಿಯ ಸರಳುಗಳ ನಡುವೆ ಬಾಯಿ ತೆರೆದು ನಿಂತರು. ನಾನು ಡಾಕ್ಟರಲ್ಲ ಎಂದೆ. “ಹಾಗಾದ್ರೆ ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ?” ಎಂದರು. ಅವರು ಊರು ಬಿಟ್ಟು ಹೋಗಿದ್ದಾರೆ ಎಂದೆ. “ಸರಿ, ಕಾಯ್ತೀನಿ” ಎಂದು ಜಗುಲಿಯ ಬೆಂಚಿನ ಮೇಲೆ ಕೂತರು. ತಾವು ಕುರ್ಚಿಯ ಜೊತೆ ಆ ಬೆಂಚನ್ನೂ ಒಯ್ದಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು?

ಅಂದಿನಿಂದ ದಿನಕ್ಕೆ ನಾಲ್ಕೈದು ಮಂದಿ ತಪ್ಪಿಲ್ಲ. ಬೆಳಗ್ಗೆ ಬಂದವರಿಗೆ ನನ್ನ ಹೆಂಡತಿ ಕಚೇರಿಗೆ ಹೊರಡುವ ಮುನ್ನ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟು ಆಸ್ಪತ್ರೆಯ ದಾರಿ ತೋರಿಸುತ್ತಿದ್ದಳು. “ಹಿಂದಿನಂತೆ ಈಗ ಸೂಜಿ ಚುಚ್ಚಲ್ಲ, ಬರೀ ಉಪ್ಪು ನೀರಲ್ಲೇ ವಾಸಿ ಮಾಡ್ತಾರೆ” ಎಂದು ಸುದ್ದಿ ಹಬ್ಬಿ ಬರುವವರು ಎಂಟು ಮಂದಿಯಾದರು. ಇದಕ್ಕೊಂದು ಕೊನೆ ಹಾಡಲೇಬೇಕೆಂದು ನಾನು ಬಾಗಿಲ ಮೇಲೆ ಆಳೆತ್ತರದ ಫಲಕ ಬರೆಸಿದೆ. ಓದಲು ಬಾರದವರಿಗೂ ತಿಳಿಯಲೆಂದು ಅಕ್ಷರದ ಬದಲು ದೊಡ್ಡದೊಂದು ಗಡಿಯಾರದ ಚಿತ್ರವನ್ನೇ ಬರೆಸಿದೆ. ನಮ್ಮ ವೃತ್ತಿಯ ರೂಢಿಯಂತೆ ಅದರಲ್ಲಿ ಹತ್ತು ಗಂಟೆ ಹತ್ತು ನಿಮಿಷವಾಗಿತ್ತು. ಮಾನ್ಯರೇ, ಮರುದಿನ ಬೆಳಗ್ಗೆ ಸರಿಯಾಗಿ ಹತ್ತು ಗಂಟೆ ಹತ್ತು ನಿಮಿಷಕ್ಕೆ ಒಂಬತ್ತು ಮಂದಿ ಕೆನ್ನೆ ಹಿಡಿದುಕೊಂಡು ಹಾಜರಾದರು. “ಟೈಮ್ ಹಾಕಿದ್ದು ಒಳ್ಳೇದಾಯ್ತು ಡಾಕ್ಟ್ರೇ” ಎಂದು ಎದುರು ಮನೆಯ ವಕೀಲರು ಬೇಲಿಯಾಚೆಯಿಂದ ಮೆಚ್ಚಿಕೊಂಡರು. ಈ ಊರಿನಲ್ಲಿ ಯಾರಾದರೂ ಯಾವುದಕ್ಕಾದರೂ ಹೇಳಿದ ಹೊತ್ತಿಗೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹನ್ನೊಂದು ತಿಂಗಳಲ್ಲಿ ನನ್ನ ಮೇಜಿಗೆ ಬಂದ ಗಡಿಯಾರಗಳು ಏಳು. ಅವುಗಳಲ್ಲಿ ಎರಡು ಮನೆ ಮಾಲೀಕರವು, ಒಂದು ನನ್ನದೇ. ಸಂಜೆ ಕೆಲಸ ಮುಗಿಸಿ ಬಂದ ಹೆಂಡತಿ ಮೊದಲು ಮೇಜಿನ ಕಡೆ ನೋಡಿ, ಆಮೇಲೆ ನನ್ನ ಮುಖ ನೋಡದೆ ಒಳಗೆ ಹೋಗುತ್ತಿದ್ದಳು. ಇದನ್ನೂ ಸಹಿಸಿಕೊಂಡಿದ್ದೆ. ಆದರೆ ಒಂದು ದಿನ ಮಗಳ ಶಾಲೆಯ ಪುಸ್ತಕದಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ಅವಳೇ ದುಂಡಗೆ ‘ಹಲ್ಲು ಡಾಕ್ಟರ್’ ಎಂದು ಬರೆದಿದ್ದಳು. ಯಾಕಮ್ಮ ಹೀಗೆ ಬರೆದೆ ಎಂದು ಕೇಳಿದೆ. “ಗಡಿಯಾರ ಅಂದ್ರೆ ಯಾರಿಗೂ ಗೊತ್ತಾಗಲ್ಲ ಅಪ್ಪ, ಹಲ್ಲು ಡಾಕ್ಟ್ರ ಮಗಳು ಅಂದ್ರೆ ಪಕ್ಕದಲ್ಲಿ ಕೂರಿಸ್ಕೋತಾರೆ” ಎಂದಳು. ನಾನು ಬೈಯಲಿಲ್ಲ. ಬೈಯಲು ಅವಳಲ್ಲಿ ತಪ್ಪೇನಿತ್ತು? ಆದರೆ ಆ ರಾತ್ರಿಯ ಸಂಕಟ ತಮ್ಮ ಯಾವ ಮದ್ದಿಗೂ ಬಗ್ಗುವಂಥದ್ದಾಗಿರಲಿಲ್ಲ.

ಆಗಲೇ ನಾನು ತಮಗೆ ಆ ಮೂರು ಪತ್ರಗಳನ್ನು ಬರೆದದ್ದು. ಅವು ತಮ್ಮನ್ನು ತಲುಪದ ಕಾರಣ ಅವುಗಳಲ್ಲಿದ್ದ ಬಿನ್ನಹಗಳನ್ನು ಇಲ್ಲಿ ಮತ್ತೊಮ್ಮೆ ಪಾದಕ್ಕೆ ಅರ್ಪಿಸುತ್ತೇನೆ. ತಾವು ದಯಮಾಡಿ ಒಂದು ವಾರದ ಮಟ್ಟಿಗೆ ಇಲ್ಲಿಗೆ ಬಂದು ಕೆಲಸ ಕೆಡಿಸಿಕೊಡಬೇಕು. ಎಡಗಡೆ ನೋವು ಎಂದವರಿಗೆ ಬಲಗಡೆಯದನ್ನು ಕೀಳುವುದು, ಮೇಲಿನದಕ್ಕೆ ಕೆಳಗಿನದನ್ನು, ಹೀಗೆ ದಿನಕ್ಕೆ ಮೂರಾದರೂ ಸಾಕು, ತಮ್ಮ ಹೆಸರು ತಕ್ಕಮಟ್ಟಿಗೆ ಹಾಳಾದರೆ ನನ್ನ ಹೆಸರಿಗೆ ನಿಲ್ಲಲು ಒಂದಿಷ್ಟು ಜಾಗವಾದೀತು. ಅದು ತಮ್ಮ ಘನತೆಗೆ ಒಗ್ಗದಿದ್ದರೆ, ತಮ್ಮ ಇಪ್ಪತ್ತಾರು ವರ್ಷದ ಕೀರ್ತಿಯನ್ನು ಕುರ್ಚಿಯಂತೆಯೇ ಬೋಲ್ಟು ಬಿಚ್ಚಿಸಿ ಲಾರಿಗೆ ಹೇರಿಸಿಕೊಂಡು ಹೋಗಬೇಕು, ಹಮಾಲರನ್ನು ನಾನೇ ಒದಗಿಸುತ್ತೇನೆ. ಅದೂ ಆಗದಿದ್ದರೆ ಹಲ್ಲು ಕೀಳುವುದನ್ನು ಅಂಚೆಯ ಮೂಲಕವಾದರೂ ನನಗೆ ಕಲಿಸಬೇಕು. ಅಂಚೆ ನನ್ನ ಮನೆಗೆ ತಪ್ಪದೆ ಬರುತ್ತದೆ.

ಇಷ್ಟರಲ್ಲಿ ಹನ್ನೆರಡನೆಯ ತಿಂಗಳು ಹಿಡಿಯಿತು. ಭಾವಮೈದುನ ಫೋನಿನಲ್ಲಿ “ಭಾವ, ನಿಮ್ಮ ಸ್ಟೂಲು ಒರೆಸಿ ಇಟ್ಟಿದ್ದೀನಿ” ಎಂದ. ಹೆಂಡತಿ ನನ್ನ ಅಂಗಿಗಳನ್ನು ಮಡಚಿ ಬೇರೆಯಾಗಿ ಇಡಲು ಶುರುಮಾಡಿದಳು. ಪೆಟ್ಟಿಗೆ ಕಟ್ಟಲು ನಾಲ್ಕು ದಿನ ಉಳಿದಿರುವಾಗ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಬಂದರು. ಅರ್ಧ ಊರಿಗೆ ಅಕ್ಷರ ಕಲಿಸಿದವರು, ಉಳಿದರ್ಧ ಊರು ಅವರ ಹೆಸರು ಕೇಳಿದರೆ ಈಗಲೂ ನೆಟ್ಟಗೆ ನಿಲ್ಲುತ್ತದೆ ಎಂದು ಆಮೇಲೆ ತಿಳಿಯಿತು. ಕೆನ್ನೆ ಊದಿತ್ತು. ನಾನು ಡಾಕ್ಟರಲ್ಲ ಅಮ್ಮ ಎಂದೆ. “ಅದನ್ನ ನಾನು ಕೇಳಲಿಲ್ಲ, ಬಾಯಿ ನೋಡಿ” ಎಂದರು. ಕಾಲುಗಳು ತಾವಾಗಿಯೇ ಜೋಡಿಯಾದವು, ನೆಟ್ಟಗೆ ನಿಂತು ನೋಡಿದೆ, ತಕ್ಷಣ ಆಸ್ಪತ್ರೆಗೆ ಹೋಗಿ ಎಂದು ಬೇಡಿಕೊಂಡೆ. “ಈಗಿನ್ನೂ ಹತ್ತೂಹತ್ತು, ಹನ್ನೊಂದಕ್ಕೆ ಹೋದರಾಯ್ತು” ಎಂದು ಅವರು ತಮ್ಮ ಕೈಗಡಿಯಾರ ನೋಡಿಕೊಂಡಾಗ ನನ್ನ ಗಡಿಯಾರದಲ್ಲಿ ಹನ್ನೊಂದಾಗಲು ಐದೇ ನಿಮಿಷವಿತ್ತು. ಮೊದಲ ಸಲ ನನ್ನ ಎದೆಗೆ ಧೈರ್ಯ ಬಂತು. ಹತ್ತು ನಿಮಿಷ ಅದನ್ನು ಕೊಡಿ ಎಂದು ಕೇಳಿ, ಅವರು ಬೆಂಚಿನ ಮೇಲೆ ಕೂತಿರುವಾಗಲೇ ಹಿಂಬದಿ ಬಿಚ್ಚಿದೆ. ಕೂದಲೆಳೆಯೊಂದು ಸಿಕ್ಕಿಕೊಂಡಿತ್ತು, ತೆಗೆದು, ಧೂಳು ಒರೆಸಿ, ಓಟ ಸರಿಪಡಿಸಿ ಕೈಗಿಟ್ಟೆ. ಅವರು ಅದನ್ನು ಕಿವಿಗೆ ಹಿಡಿದು ಕೇಳಿದರು. ಊದಿದ ಕೆನ್ನೆಯಲ್ಲೇ ನಕ್ಕರು. ಸತ್ಯ ಹೇಳುತ್ತೇನೆ ಮಾನ್ಯರೇ, ನನಗೆ ಕಣ್ಣು ತುಂಬಿ ಬಂತು. ಹೇಳಿ ಅಮ್ಮ, ನಾನು ಯಾರು ಈಗ ಹೇಳಿ ಎಂದು ಕೇಳುವುದೊಂದು ಬಾಕಿಯಿತ್ತು. ಆಗ ಅವರೆಂದರು: “ಇಪ್ಪತ್ತಾರು ವರ್ಷದಿಂದ ಬರ್ತಿದ್ದೀನಲ್ಲ ಡಾಕ್ಟ್ರೇ, ಇಂಥ ವಿದ್ಯೆ ಕೈಯಲ್ಲಿದೆ ಅಂತ ಒಂದು ದಿನಾನಾದ್ರೂ ಬಾಯಿ ಬಿಟ್ರಾ?”

ಸಂಜೆಯ ಹೊತ್ತಿಗೆ ಊರೆಲ್ಲ ಸುದ್ದಿ. ಹಲ್ಲು ಡಾಕ್ಟ್ರು ಗಡಿಯಾರವನ್ನೂ ಚೆನ್ನಾಗಿ ರಿಪೇರಿ ಮಾಡುತ್ತಾರಂತೆ. ಮರುದಿನ ಶಾಲೆಯಿಂದ ಹದಿನಾಲ್ಕು ಗೋಡೆ ಗಡಿಯಾರಗಳು ಬಂದವು, ಬ್ಯಾಂಕಿನಿಂದ ಆರು, ನೂಲಿನ ಗಿರಣಿಯಿಂದ ಹಾಜರಿ ಗಡಿಯಾರ ನಾಲ್ಕು ಆಳುಗಳ ಹೆಗಲ ಮೇಲೆ ಬಂತು. ಬೇಕರಿಯವರು ತಾತನ ಕಾಲದ ಜೇಬುಗಡಿಯಾರ ತಂದಿಟ್ಟು, “ಅಷ್ಟು ಗಟ್ಟಿ ಹಲ್ಲು ಕೀಳೋ ಕೈಗೆ ಇದ್ಯಾವ ಲೆಕ್ಕ ಡಾಕ್ಟ್ರೇ” ಎಂದು ಹೊಗಳಿದರು. ಅವರ ಮುಂದೆ ನಾನು ನನ್ನ ಹತ್ತೊಂಬತ್ತು ವರ್ಷಗಳ ಕಥೆ ಹೇಳಿದೆ, ರೈಲು ನಿಲ್ದಾಣದ ಅಂಗಡಿಯ ಫೋಟೋ ತೋರಿಸಿದೆ. ಅವರು ಪೂರ್ತಿ ಕೇಳಿ, ದೊಡ್ಡವರು ಯಾವಾಗಲೂ ವಿನಯವಂತರೇ ಎಂದು ತಲೆದೂಗಿ ಎದ್ದುಹೋದರು. ಅಂದು ಹೆಂಡತಿ ನನ್ನ ಅಂಗಿಗಳನ್ನು ಮತ್ತೆ ಬೀರುವಿನಲ್ಲಿಟ್ಟಳು. ಸ್ಟೂಲು ನೀನೇ ಇಟ್ಟುಕೋ ಎಂದು ಭಾವಮೈದುನನಿಗೆ ಅವಳೇ ಫೋನು ಮಾಡಿದಳು.

ಆದ್ದರಿಂದ ಮಾನ್ಯರೇ, ಮೇಲಿನ ಬಿನ್ನಹಗಳನ್ನೆಲ್ಲ ನಾನು ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ. ತಾವು ಬಂದು ಕೆಲಸ ಕೆಡಿಸುವ ಅಗತ್ಯವಿಲ್ಲ; ತಮ್ಮ ಹೆಸರು ಕೆಟ್ಟರೆ ಈಗ ಹೊಟ್ಟೆಗೆ ಏಟು ಬೀಳುವುದು ನನಗೇ. ಇನ್ನು ನನ್ನ ಹೆಸರಿನ ವಿಷಯ: ಅದನ್ನು ನನ್ನ ಹೆಂಡತಿ, ಮಗಳು ಮತ್ತು ಭಾವಮೈದುನ ಬಲ್ಲರು. ಈ ಗಾತ್ರದ ಊರಿನಲ್ಲಿ ಬದುಕುವವನಿಗೆ ಮೂರು ಮಂದಿ ಸಾಕೆಂದು ಸಮಾಧಾನ ಮಾಡಿಕೊಳ್ಳಲು ಯತ್ನಿಸುತ್ತಿದ್ದೇನೆ, ಇನ್ನೂ ಪೂರ್ತಿ ಆಗಿಲ್ಲ.

ತಮ್ಮ ಕೀರ್ತಿಯನ್ನು ಒಲ್ಲದ ಮನಸ್ಸಿನಿಂದ ಕಾಪಾಡಿಕೊಂಡು ಬರುತ್ತಿರುವ,

ತಮ್ಮ ವಿಶ್ವಾಸಿ,
ಗಡಿಯಾರ ರಿಪೇರಿಯವನು,
ಹಲ್ಲು ಡಾಕ್ಟ್ರ ಮನೆ.

ವಿ. ಸೂ.: ಕಳೆದ ವಾರ ನಮ್ಮ ಮನೆ ಮಾಲೀಕರಿಗೆ ಫೋನು ಮಾಡಿದವರು ತಾವೇ ಎಂದು ಅವರ ಮಾತಿನಿಂದ ಊಹಿಸಿದೆ. ಮಹಾನಗರದಲ್ಲಿ ತಮ್ಮನ್ನು ಯಾರೂ ಗುರುತಿಸುವುದಿಲ್ಲವೆಂದೂ, ಹಳೆಯ ಊರಿಗೇ ಬಂದುಬಿಡುವ ಮನಸ್ಸಾಗಿದೆಯೆಂದೂ, ಮನೆ ಖಾಲಿಯಿದೆಯೇ ಎಂದೂ ವಿಚಾರಿಸಿದಿರಂತೆ. ಅವರಿಗೆ ವಯಸ್ಸಾಗಿದೆ, ಕಿವಿಯೂ ಅಷ್ಟಕ್ಕಷ್ಟೆ, ತಾವು ಬೇಸರ ಮಾಡಿಕೊಳ್ಳಬಾರದು. ಏನು ಉತ್ತರ ಕೊಟ್ಟಿರಿ ಎಂದು ನಾನು ಅವರನ್ನು ಕೇಳಿದ್ದಕ್ಕೆ ಅವರೆಂದರು: “ಇಲ್ಲಪ್ಪ, ಮನೆ ಖಾಲಿ ಇಲ್ಲ, ನಮ್ಮ ಹಲ್ಲು ಡಾಕ್ಟ್ರೇ ಇದ್ದಾರೆ ಅಂದೆ. ಹೌದೂ, ಫೋನು ಮಾಡಿದ್ದು ಯಾರು ಅಂತ ಕೇಳೋದೇ ಮರೆತೆ.”