ಕುರಿ ಎಂದು ಓದಿಕೊಳ್ಳಬೇಕು

ಪತ್ರಿಕೆಯಲ್ಲಿ ತಪ್ಪುಗಳು ದಪ್ಪ ಅಕ್ಷರದಲ್ಲಿ ಬರುತ್ತವೆ, ತಿದ್ದುಪಡಿಗಳು ಇರುವೆಯಂಥ ಸಣ್ಣ ಅಕ್ಷರದಲ್ಲಿ. ಇದು ಯಾರೋ ಮಾಡಿದ ಕಾನೂನಲ್ಲ, ಆದರೂ ಯಾರೂ ಮುರಿದದ್ದನ್ನು ನಾನು ಕಂಡಿಲ್ಲ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಒಂದು ಸಣ್ಣ ದಿನಪತ್ರಿಕೆಯಲ್ಲಿ ನಾನು ವರದಿಗಾರನಾಗಿದ್ದೆ. ಜನ ಕಡಿಮೆಯಿದ್ದ ದಿನ ಕರಡು ತಿದ್ದುತ್ತಲೂ ಇದ್ದೆ. ಜನ ಹೆಚ್ಚಿದ್ದ ದಿನ ಒಂದೂ ನೆನಪಿಲ್ಲ. ಒಮ್ಮೆ ನಾವು ಬದುಕಿದ್ದ ಗುತ್ತಿಗೆದಾರರೊಬ್ಬರಿಗೆ ಎರಡು ಕಾಲಂ ಅಗಲದ ಶ್ರದ್ಧಾಂಜಲಿ ಅರ್ಪಿಸಿಬಿಟ್ಟೆವು. ಅವರು ಸತ್ತಿಲ್ಲವೆಂಬ ಸುದ್ದಿ ಮರುದಿನ ಕಡಲೆಕಾಯಿ ಧಾರಣೆಯ ಕೆಳಗೆ ಎರಡು ಸಾಲಿನಲ್ಲಿ ಬಂತು. ಅವರು ಕಚೇರಿಯ ಮೆಟ್ಟಿಲು ಹತ್ತಿ ಬಂದು, "ಸತ್ತೋನಿಗೆ ಕೊಟ್ಟ ಮರ್ಯಾದೆ ಬದುಕಿರೋನಿಗೆ ಯಾಕ್ರಿ ಇಲ್ಲ?" ಎಂದು ಕೇಳಿದರು.

ಇಷ್ಟು ವರ್ಷಗಳಲ್ಲಿ ನಾನಾಗಿಯೇ ಬೇಡಿ ಹಾಕಿಸಿದ ತಿದ್ದುಪಡಿ ಒಂದೇ. ಅದು ಒಂದು ಕುರಿಯ ವಿಷಯ. ಆ ಕುರಿಯನ್ನು ಹೊಲಿದವನು ನಾನು.

ಹೊಲಿಗೆಗೂ ನನಗೂ ಸಂಬಂಧವಿರಲಿಲ್ಲ. ಮನೆಯಲ್ಲಿ ಹೊಲಿಯುತ್ತಿದ್ದವಳು ನನ್ನ ಹೆಂಡತಿ. ಅವಳು ಅದರ ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದಳು. ಜ್ವರ ಬಂತು, ಹೋಗಲಿಲ್ಲ. ವರದಿಗಾರನಾಗಿ ನಾನು ಅದರ ಬಗ್ಗೆ ಹೇಳಬಹುದಾದದ್ದು ಇಷ್ಟೇ. ಅವಳ ಹೊಲಿಗೆ ಮೆಷಿನ್ ಕಿಟಕಿಯ ಪಕ್ಕ ಹಾಗೇ ಇತ್ತು. ಸೂಜಿಯ ಕೆಳಗೆ ಮಗಳಿಗೆಂದು ಹೊಲಿಯುತ್ತಿದ್ದ ಹಸಿರು ಲಂಗ ಅರ್ಧಕ್ಕೆ ನಿಂತಿತ್ತು. ಕಸ ಗುಡಿಸುವಾಗ ನಾನು ಆ ಮೆಷಿನ್ನನ್ನು ಮುಟ್ಟದೆ ಅದರ ಸುತ್ತ ಗುಡಿಸುತ್ತಿದ್ದೆ.

ಶಾಲೆಯ ವಾರ್ಷಿಕೋತ್ಸವ ಬಂತು. ಎಲ್ಲ ಶಾಲೆಗಳಂತೆ ಅಲ್ಲೂ ಛದ್ಮವೇಷ ಸ್ಪರ್ಧೆ. ದುರ್ಗದಲ್ಲಿ ಛದ್ಮವೇಷ ಎಂದರೆ ಹೆಣ್ಣುಮಕ್ಕಳಿಗೆ ಕಚ್ಚೆ ಸೀರೆ ಉಡಿಸಿ, ಕೈಗೊಂದು ಒನಕೆ ಕೊಟ್ಟು ನಿಲ್ಲಿಸುವುದು. ಒನಕೆ ಸಿಗದವರು ಲಟ್ಟಣಿಗೆಯಲ್ಲಿ ಸುಧಾರಿಸುತ್ತಿದ್ದರು. ನಾನೂ ಪಕ್ಕದ ಮನೆಯ ಗೌರಕ್ಕನಿಂದ ಒನಕೆ ಕೇಳಿಟ್ಟಿದ್ದೆ. ಆದರೆ ಒಂದನೇ ಕ್ಲಾಸಿನ ನನ್ನ ಮಗಳು ಸುಮ ಒಪ್ಪಲಿಲ್ಲ.

"ನಾನು ಕುರಿ ಆಗ್ತೀನಿ. ಅಮ್ಮ ಹೇಳಿದ್ಲು."

"ಏನಂತ ಹೇಳಿದ್ಲು?"

"ಮುಂದಿನ್ ವರ್ಷ ನಿಂಗೆ ತಾತನ ಮನೆ ಕುರಿ ವೇಷ ಹೊಲ್ದು ಕೊಡ್ತೀನಿ ಅಂತ."

ತಾತನ ಮನೆ ಎಂದರೆ ರಾಮಗಿರಿ. ನನ್ನ ಮಾವ ಅಲ್ಲಿ ಕುರಿ ಸಾಕುತ್ತಿದ್ದರು. ರೈಲಿನಿಂದ ಇಳಿದ ಕೂಡಲೇ ಸುಮ ಹಟ್ಟಿಗೆ ಓಡಿ ಒಂದು ಕರಿ ಮರಿಯನ್ನು ಅಪ್ಪಿಕೊಂಡು ಕೂತುಬಿಡುತ್ತಿದ್ದಳು. ಅವಳ ತಾಯಿಯೂ ಚಿಕ್ಕಂದಿನಲ್ಲಿ ಹಾಗೇ ಕೂರುತ್ತಿದ್ದಳಂತೆ. ಹೀಗೆ ಒಬ್ಬರು ಕೊಟ್ಟ ಮಾತು ಇನ್ನೊಬ್ಬರ ತಲೆಯ ಮೇಲೆ ಬಂತು. ನಾನು ಮಾತು ಕೊಟ್ಟಿದ್ದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ, ಅದರಲ್ಲಿ ನನಗೆ ಅನುಭವವಿದೆ. ಮಾತು ಕೊಟ್ಟವಳು ಅವಳು. ಅವಳಿಗೆ ಆ ಅನುಭವ ಇರಲಿಲ್ಲ.

ಮದುವೆಯಲ್ಲಿ ಮಾವ ಕೊಟ್ಟ ಕರಿ ಕಂಬಳಿ ಮನೆಯಲ್ಲಿತ್ತು. ಅವರದೇ ಕುರಿಗಳ ಉಣ್ಣೆ. ಕುರಿಯ ವೇಷಕ್ಕೆ ಇದಕ್ಕಿಂತ ನಿಖರವಾದ ವಸ್ತು ಇರಲಾರದೆಂದು ನನಗೆ ಹೆಮ್ಮೆಯೇ ಆಯಿತು. ಭಾನುವಾರ ಬೆಳಿಗ್ಗೆ ಹಸಿರು ಲಂಗವನ್ನು ಮೆಲ್ಲಗೆ ಬಿಡಿಸಿ, ಮಡಚಿ ಟ್ರಂಕಿನಲ್ಲಿಟ್ಟೆ. ಕಂಬಳಿಯನ್ನು ಸೂಜಿಯ ಕೆಳಗೆ ತೂರಿಸಿ ಪೆಡಲು ತುಳಿದೆ. ಸೂಜಿ ಟಕ್ಕೆಂದು ಮುರಿಯಿತು. ಇನ್ನೊಂದು ಹಾಕಿದೆ, ಅದೂ ಮುರಿಯಿತು. ಮೂರನೆಯದನ್ನು ಹಾಕುವ ಧೈರ್ಯವಾಗದೆ, ಗೋಣಿಚೀಲ ಹೊಲಿಯುವ ದಬ್ಬಳ ತಂದು ಜಗಲಿಯ ಮೇಲೆ ಕೂತೆ. ಕರಿ ದಾರ ಹುಡುಕಿದೆ, ಸಿಗಲಿಲ್ಲ. ಮೆಷಿನ್ನಿನ ಮೇಲಿದ್ದ ಹಸಿರು ದಾರವನ್ನೇ ನಾಲ್ಕೆಳೆ ಮಾಡಿ ಪೋಣಿಸಿಕೊಂಡೆ. ಅವಳು ಏರಿಸಿಟ್ಟಿದ್ದ ದಾರ. ಪ್ರತಿ ಹೊಲಿಗೆಗೂ ಸ್ವಲ್ಪ ಸ್ವಲ್ಪವೇ ಕರಗುತ್ತಿತ್ತು. ಅದನ್ನು ನೋಡಬಾರದೆಂದುಕೊಂಡು ನೋಡುತ್ತಿದ್ದೆ.

ಗೌರಕ್ಕ ಕಾಂಪೌಂಡಿನಾಚೆಯಿಂದ ಇಣುಕಿದಳು. "ಏನ್ ಹೊಲೀತಿದೀರಿ ಅಣ್ಣಾ?"

"ಕುರಿ."

"ಕುರಿ ಕೊಯ್ಯೋದು ಕೇಳಿದ್ದೆ ಕಣ್ರಿ, ಹೊಲಿಯೋದು ಇದೇ ಮೊದ್ಲು." ಆಮೇಲೆ ನನ್ನ ಬೆರಳಿನ ರಕ್ತ ನೋಡಿ ದನಿ ಇಳಿಸಿದಳು. "ಕೊಡ್ರಿ ಇಲ್ಲಿ, ಒಂದು ಗಳಿಗೇಲಿ ಹೊಲ್ದು ಕೊಡ್ತೀನಿ."

ಬೇಡವೆಂದೆ.

ಕಂಬಳಿಗೆ ಕತ್ತರಿ ಹಾಕಲು ಮನಸ್ಸಾಗದೆ ಮಡಚಿ ಮಡಚಿ ಹೊಲಿದೆ. ಹೀಗಾಗಿ ಕುರಿ ದಷ್ಟಪುಷ್ಟವಾಯಿತು. ಹಳೆಯ ಕೊಡೆಯ ಬಟ್ಟೆಯಿಂದ ಕಿವಿ ಮಾಡಿ, ಒಳಗೆ ನಮ್ಮದೇ ಪತ್ರಿಕೆಯನ್ನು ತುರುಕಿದೆ. ರಾಮಗಿರಿಯ ಕುರಿಗಳಿಗೆ ಜೋಲು ಕಿವಿ. ಸುದ್ದಿ ತುಂಬಿದ ನನ್ನ ಕುರಿಯ ಕಿವಿಗಳು ದುಂಡಗೆ, ನೆಟ್ಟಗೆ ನಿಂತವು. ಅದನ್ನು ಗಮನಿಸದೆ ಹೋದೆ. ಮೂರನೇ ಕ್ಲಾಸಿನ ಮಗ ಮಂಜ ಕುರಿ ಕಾಯುವವನಾಗುವುದೆಂದು ತೀರ್ಮಾನವಾಯಿತು. ಅವನಿಗೆ ತಲೆಗೊಂದು ಟವೆಲು, ಕೈಗೊಂದು ಕೋಲು ಸಾಕಾಯಿತು. ಸುಮ ದಾರಿ ತಪ್ಪದಿರಲೆಂದು ಅವಳ ಕೊರಳಿಗೆ ಒಂದು ಹಗ್ಗ ಕಟ್ಟಿ, ತುದಿಯನ್ನು ಅವನ ಕೈಗೆ ಕೊಟ್ಟೆ. ಇದೂ ನನ್ನದೇ ಬುದ್ಧಿವಂತಿಕೆ.

ಓದುಗರು ಈಗಾಗಲೇ ಊಹಿಸಿರಬಹುದು. ಕೋಲು ಹಿಡಿದವನೊಬ್ಬ ಕರಿ ಕೂದಲಿನ ದಪ್ಪ ಪ್ರಾಣಿಯನ್ನು ಹಗ್ಗ ಹಿಡಿದು ಎಳೆದುಕೊಂಡು ಬಂದರೆ ನಮ್ಮೂರಿನ ಬೀದಿಗಳಲ್ಲಿ ಅದಕ್ಕೆ ಅರ್ಥ ಒಂದೇ. ಮೈಕ್ ಹಿಡಿದಿದ್ದ ಮೇಷ್ಟ್ರು ಕೂಗಿಯೇಬಿಟ್ಟರು. "ಓಹೋ, ಬಂತು ನೋಡ್ರಿ ಕರಡಿ! ಕರಡಿ ಆಡ್ಸೋನೂ ಬಂದ!"

ಜನ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಯಾರೋ, "ಲೇ, ಕುಣಿಸಲೇ!" ಎಂದರು. ಮಂಜ ಒಂದು ಕ್ಷಣ ನನ್ನ ಕಡೆ ನೋಡಿದ. ನಾನು ಪತ್ರಿಕೆಯವರಿಗೆಂದು ಹಾಕಿದ್ದ ಮೊದಲ ಸಾಲಿನ ಕುರ್ಚಿಯಲ್ಲಿ ಕೂತಿದ್ದೆ. ವರದಿಗಾರ ಸಭೆಯ ನಡುವೆ ಎದ್ದು ಮಾತಾಡಬಾರದೆಂಬುದು ನಾನು ಪಾಲಿಸುತ್ತ ಬಂದ ಶಿಸ್ತು. ಏಳಲಿಲ್ಲ. ಮಂಜ ಹಗ್ಗ ಜಗ್ಗಿದ. ಸುಮ ಮೈಕಿನ ಹತ್ತಿರ ಹೋಗಿ, ಸ್ಪಷ್ಟವಾಗಿ, "ಬ್ಯಾ" ಎಂದಳು.

ಕರಡಿ ಬ್ಯಾ ಎಂದದ್ದಕ್ಕೆ ಶಾಮಿಯಾನ ಹಾರಿಹೋಗುವಷ್ಟು ನಗು. ಅವಳು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ "ಬ್ಯಾ" ಎಂದಳು. ಮೂರನೆಯ ಸಲ ಅದು ಕುರಿಯ ದನಿಯಾಗಿರಲಿಲ್ಲ, ಅಳುವಾಗಿತ್ತು. ಅಭಿನಯವೆಂದುಕೊಂಡು ತೀರ್ಪುಗಾರರು ಮೊದಲ ಬಹುಮಾನ ಕೊಟ್ಟರು. ಎರಡು ಸ್ಟೀಲ್ ಲೋಟ.

ಮನೆಗೆ ಬರುವಾಗ ಮಂಜನನ್ನು ಕೇಳಿದೆ. "ಕರಡಿ ಅಂದಾಗ ಅಲ್ಲ ಅಂತ ಹೇಳಬಾರದಿತ್ತೇನೋ?"

"ಬಹುಮಾನ ಕರಡಿಗೆ ಅಂದ್ರಲ್ಲಪ್ಪಾ. ಕುರಿ ಅಂದಿದ್ರೆ ವಾಪಸ್ ಇಸ್ಕಂತಿದ್ರು."

ಸುಮ ತನ್ನ ಲೋಟವನ್ನು ಮುಟ್ಟಲಿಲ್ಲ.

ಮರುದಿನ ನಾನು ಕಚೇರಿಯಲ್ಲಿ ವಾರ್ಷಿಕೋತ್ಸವದ ವರದಿ ಬರೆದೆ. ಕೊನೆಯ ಸಾಲು, ಛದ್ಮವೇಷದಲ್ಲಿ ಕರಡಿಗೆ ಪ್ರಥಮ ಬಹುಮಾನ. ತೀರ್ಪುಗಾರರು ಹೇಳಿದ್ದು ಅದೇ, ಆದ್ದರಿಂದ ಬರೆದದ್ದೂ ಅದೇ. ಚಂದ್ರವಳ್ಳಿಯ ಹತ್ತಿರ ಕರಡಿ ಕಂಡಿತೆಂದು ಜನ ಹೇಳಿದ್ದನ್ನು ನಾನು ಎಷ್ಟು ಸಲ ಬರೆದಿಲ್ಲ! ಅವುಗಳಲ್ಲಿ ಅರ್ಧ ಪೊದೆಗಳು.

ಸುಮ ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತಿದ್ದಳು. ಬೆಳಿಗ್ಗೆ ಪತ್ರಿಕೆಯನ್ನು ನೆಲದ ಮೇಲೆ ಹರಡಿ ಓದಿದಳು. "ಕ... ರ... ಡಿ." ಸ್ವಲ್ಪ ಹೊತ್ತು ಅದರ ಮೇಲೇ ಬೆರಳಿಟ್ಟುಕೊಂಡಿದ್ದಳು. ಆಮೇಲೆ ತಲೆಯೆತ್ತಿದಳು.

"ಅಪ್ಪಾ, ನೀನೂ ಕರಡಿ ಅಂದ್ಯಾ?"

ಬೇರೆಯವರಿಗೆ ಅದು ಕರಡಿಯಾಗಿ ಕಂಡದ್ದು ಸಹಜ. ಹೊಲಿದವನಿಗೂ ಹಾಗೇ ಕಂಡಿತೇ ಎಂಬುದು ಅವಳ ಪ್ರಶ್ನೆ. ಅವಳಮ್ಮನಾದರೆ ಹಾಗೆ ಬರೆಯುತ್ತಿರಲಿಲ್ಲ ಎಂಬುದನ್ನು ಅವಳು ಹೇಳಲಿಲ್ಲ, ನಾನೇ ಕೇಳಿಸಿಕೊಂಡೆ.

ಸಂಪಾದಕರ ಮುಂದೆ ನಿಂತು ತಿದ್ದುಪಡಿ ಬೇಕೆಂದೆ. ಅವರು ಕನ್ನಡಕ ಇಳಿಸಿದರು.

"ಏನಪ್ಪ, ತೀರ್ಪುಗಾರರು ಕರಡಿ ಅಂದಿದ್ದು ಸುಳ್ಳೇನು?"

"ನಿಜ ಸಾರ್."

"ಮತ್ತೆ ತಪ್ಪು ಎಲ್ಲೈತೆ?"

"ಅದು ಕರಡಿ ಆಗಿರ್ಲಿಲ್ಲ ಸಾರ್. ಕುರಿ."

"ಯಾರು ಹೇಳಿದ್ದು? ಆಧಾರ ಬೇಕಲ್ಲ."

"ನಾನೇ ಹೊಲ್ದಿದ್ದು."

ಅವರು ನನ್ನ ಬೆರಳುಗಳ ಕಡೆ ನೋಡಿದರು. ನನ್ನ ಮನೆಯ ಸ್ಥಿತಿ ಅವರಿಗೆ ಗೊತ್ತಿತ್ತು. "ಹಾಕು," ಎಂದು ಕನ್ನಡಕ ಏರಿಸಿಕೊಂಡರು.

ಕಡಲೆಕಾಯಿ ಧಾರಣೆಯ ಕೆಳಗೆ, ಇರುವೆ ಅಕ್ಷರದಲ್ಲಿ ಬಂತು. ನಿನ್ನೆಯ ಶಾಲಾ ವಾರ್ಷಿಕೋತ್ಸವದ ವರದಿಯಲ್ಲಿ ಕರಡಿ ಎಂದಿರುವುದನ್ನು ಕುರಿ ಎಂದು ಓದಿಕೊಳ್ಳಬೇಕು. ಸುಮ ಅದನ್ನು ಮೂರು ಸಲ ಓದಿದಳು. ಆಮೇಲೆ ಎದ್ದು ಹೋಗಿ ತನ್ನ ಲೋಟದಲ್ಲಿ ನೀರು ಕುಡಿದಳು. ಮಂಜ ಮಾತ್ರ ನಾನು ಮಾಡಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಓರೆ ಮಾಡಿ, ಅದು ಹರಿಯುವುದನ್ನು ನೋಡಿ, "ಗಂಜಿ ಎಂದಿರುವುದನ್ನು ಉಪ್ಪಿಟ್ಟು ಎಂದು ಓದಿಕೊಳ್ಳಬೇಕು," ಎಂದ. ಆ ಮನೆಯಲ್ಲಿ ಬಹಳ ದಿನದ ಮೇಲೆ ಯಾರೋ ನಕ್ಕರು. ನಾನೇ ಇರಬೇಕು.

ಕಂಬಳಿಯ ಮಡಿಕೆಗಳನ್ನು ಬಿಚ್ಚಬೇಕಾಯಿತು, ದುರ್ಗದ ಚಳಿ ಯಾರ ದುಃಖವನ್ನೂ ಕೇಳುವುದಿಲ್ಲ. ಬಿಚ್ಚಿದ ಹಸಿರು ದಾರವನ್ನು ರೀಲಿಗೆ ಸುತ್ತಿ ಮತ್ತೆ ಮೆಷಿನ್ ಮೇಲೆ ಇಟ್ಟೆ. ಗಂಟು ಗಂಟಾಗಿ ಯಾವ ಕೆಲಸಕ್ಕೂ ಬಾರದಂತಾಗಿತ್ತು. ಕಿವಿಗಳನ್ನು ಮಾತ್ರ ಬಿಚ್ಚಲಿಲ್ಲ. ಒಂದು ಬೆಳಿಗ್ಗೆ ಕಿವಿಯಿದ್ದ ಆ ಕಂಬಳಿಯನ್ನೇ ತಲೆಯ ಮೇಲೆ ಹೊದ್ದು, ಗಡ್ಡ ಬಿಟ್ಟ ಮುಖದಲ್ಲಿ, ಒಲೆಯ ಮುಂದೆ ಕೂತು ಊದುತ್ತಿದ್ದೆ. ಸುಮ ಕಣ್ಣುಜ್ಜಿಕೊಂಡು ಬಂದವಳು ಬಾಗಿಲಲ್ಲೇ ನಿಂತಳು.

"ಕರಡಿ!" ಎಂದಳು.

ಈ ವರದಿಗೆ ತಿದ್ದುಪಡಿಯ ಅಗತ್ಯ ಕಂಡುಬರಲಿಲ್ಲ.