ಜಿಲೇಬಿಗಾಗಿ ಒಂದು ಕಳ್ಳತನ

ನಾನು ಸಂಭಾವಿತ. ಇದನ್ನು ನನ್ನ ಬಾಯಿಂದಲೇ ಹೇಳಿಕೊಳ್ಳಬೇಕಾಗಿರುವುದು ನನ್ನ ದುರದೃಷ್ಟ. ಬೇರೆ ಯಾರೂ ಹೇಳುವ ಲಕ್ಷಣ ಕಾಣುತ್ತಿಲ್ಲ. ಸರ್ಕಾರಿ ಕಚೇರಿಯೊಂದರ ವಿಜಿಲೆನ್ಸ್ ಶಾಖೆಯಲ್ಲಿ ನಾನು ಸೂಪರಿಂಟೆಂಡೆಂಟು. ಯಾರು ತಿಂದರು, ಎಷ್ಟು ತಿಂದರು, ತಿಂದದ್ದನ್ನು ಹೇಗೆ ಅರಗಿಸಿಕೊಂಡರು ಎಂದು ಪತ್ತೆ ಹಚ್ಚುವುದು ನನ್ನ ಕೆಲಸ. ವರ್ಷಕ್ಕೊಮ್ಮೆ ಇಡೀ ಕಚೇರಿಯನ್ನು ಸಾಲಾಗಿ ನಿಲ್ಲಿಸಿ, ಬಲಗೈ ಚಾಚಿಸಿ, ಪ್ರಾಮಾಣಿಕತೆಯ ಪ್ರತಿಜ್ಞೆ ಹೇಳಿಸುವವನೂ ನಾನೇ. ಶಂಕರಪುರದ ನಮ್ಮ ಮನೆಯ ಗೇಟಿಗೆ ‘ಹೂ ಕೀಳಬೇಡಿ, ಇದೂ ಕಳ್ಳತನವೇ’ ಎಂದು ಬೋರ್ಡು ತಗುಲಿಸಿದ್ದೇನೆ. ನಮ್ಮ ಕಡೆ ಬೆಳಗಿನ ವಾಕಿಂಗಿಗೆ ಹೊರಡುವವರ ಕೈಯಲ್ಲಿ ಒಂದು ಖಾಲಿ ಕವರ್ ಇರುತ್ತದೆ. ವಾಪಸ್ಸು ಬರುವಾಗ ಅದರ ತುಂಬ ಬೇರೆಯವರ ಕಾಂಪೌಂಡಿನ ದಾಸವಾಳ, ಕಣಗಿಲೆ. ಕೇಳಿದರೆ, ‘ದೇವರಿಗೆ ತಾನೇ!’ ಇಂಥ ಪೇಟೆಯಲ್ಲಿ ಐವತ್ತನಾಲ್ಕು ವರ್ಷ ದೇವರಿಗಾಗಿಯೂ ಒಂದು ಹೂ ಕದಿಯದ ನಾನು ಕೊನೆಗೆ ಒಂದು ಮೀನಿಗಾಗಿ ಕಳ್ಳನಾದೆ.

ಮೀನು ನನ್ನದಲ್ಲ, ಎಂಟನೇ ಕ್ಲಾಸಿನಲ್ಲಿರುವ ಮಗಳು ಸಿಂಚನಳದು. ಎರಡು ಗೋಲ್ಡ್ ಫಿಷ್. ಬಣ್ಣ ನೋಡಿ ಒಂದಕ್ಕೆ ಜಿಲೇಬಿ, ಇನ್ನೊಂದಕ್ಕೆ ಬಾದುಷಾ ಎಂದು ಹೆಸರಿಟ್ಟಿದ್ದಾಳೆ. ನನಗೆ ಸಕ್ಕರೆ ಕಾಯಿಲೆಯಿರುವುದರಿಂದ ನಮ್ಮ ಮನೆಯಲ್ಲಿ ಆ ಎರಡು ತಿಂಡಿಗಳು ಗಾಜಿನ ಹಿಂದೆ ಮಾತ್ರ ಕಾಣಸಿಗುತ್ತವೆ. ತೊಟ್ಟಿಯ ಅರ್ಧ ನೀರನ್ನು ವಾರಕ್ಕೊಮ್ಮೆ ಬದಲಾಯಿಸಬೇಕು ಎಂದು ಅವಳು ಮೊದಲೇ ಹೇಳಿದ್ದಳು. “ಕಾವೇರಿ ನೀರು ದಿನ ಬಿಟ್ಟು ದಿನ ಬರೋ ಊರಲ್ಲಿ ಮೀನಿಗೆ ವಾರವಾರ ಅಭಿಷೇಕನಾ? ನೋಡು, ನೀರು ಕನ್ನಡಿ ಥರ ಇದೆ” ಎಂದು ನಾನು ಅರ್ಜಿ ವಜಾ ಮಾಡಿದೆ. ನೋಡುವುದಕ್ಕೆ ಚೊಕ್ಕಟವಾಗಿದ್ದರೆ ಒಳಗೂ ಚೊಕ್ಕಟವೇ ಎನ್ನುವುದು ಕಚೇರಿಯ ಫೈಲುಗಳು ನನಗೆ ಕಲಿಸಿದ ಪಾಠ. ಎರಡು ತಿಂಗಳಾಗುವಷ್ಟರಲ್ಲಿ ಜಿಲೇಬಿ ರೆಕ್ಕೆ ಮಡಚಿಕೊಂಡು ತೊಟ್ಟಿಯ ತಳದಲ್ಲಿ ಕೂತುಬಿಟ್ಟಿತು. ಊಟ ಹಾಕಿದರೂ ಮೇಲೇಳಲಿಲ್ಲ. “ಅಪ್ಪಾ, ಜಿಲೇಬಿ ಸತ್ರೆ ನಿನ್ನ ಜೊತೆ ಮಾತೇ ಆಡಲ್ಲ” ಎಂದು ಸಿಂಚನ ಬಿಕ್ಕಿ ಬಿಕ್ಕಿ ಅತ್ತಳು. ಅವಳು ಅವರಮ್ಮನ ಮಗಳು. ಆಡಲ್ಲ ಎಂದರೆ ಆಡುವುದಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಚಾಮರಾಜಪೇಟೆಯ ಅಕ್ವೇರಿಯಂ ಅಂಗಡಿಯ ಬಾಬು ನನ್ನ ಮಾತು ಮುಗಿಯುವ ಮೊದಲೇ ತೀರ್ಪು ಕೊಟ್ಟ. “ನೈಟ್ರೇಟ್ ಸಾರ್. ಮೀನಿನ ಗಲೀಜು, ತಿಂದು ಬಿಟ್ಟಿದ್ದು, ಎಲ್ಲಾ ಕೊಳೆತು ಕೊನೆಗೆ ಅದೇ ಆಗೋದು. ಕಣ್ಣಿಗೆ ಕಾಣಲ್ಲ, ಫಿಲ್ಟರ್‌ಗೂ ಸಿಗಲ್ಲ.” ತಿಂದದ್ದೆಲ್ಲ ಒಂದು ಕಡೆ ಸೇರುವುದು, ಕಣ್ಣಿಗೆ ಕಾಣದಿರುವುದು, ಯಾವ ಫಿಲ್ಟರಿಗೂ ಸಿಗದಿರುವುದು; ಇಂಥ ಪದಾರ್ಥದ ಪರಿಚಯ ನನಗೆ ಕಚೇರಿಯಲ್ಲಿ ಚೆನ್ನಾಗಿಯೇ ಆಗಿತ್ತು. ಬಾಬು ಒಂದು ಪರೀಕ್ಷೆಯ ಡಬ್ಬಿ ಕೊಟ್ಟ. ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು, ಔಷಧಿಯ ಹನಿ ಹಾಕಿ, ಕುಲುಕಿ, ಐದು ನಿಮಿಷ ಬಿಟ್ಟು, ಬಣ್ಣವನ್ನು ಕಾರ್ಡಿನ ಪಕ್ಕ ಹಿಡಿದು ನೋಡಬೇಕು. ಹಳದಿಯಾದರೆ ಕ್ಷೇಮ, ಕೆಂಪಾದರೆ ಅಪಾಯ. ಮನೆಗೆ ಬಂದು ಮಾಡಿ ನೋಡಿದೆ. “ಏನಿಲ್ಲ, ಕಿತ್ತಳೆ ಬಣ್ಣ ಅಷ್ಟೆ” ಎಂದು ನಾನು ವರದಿ ಒಪ್ಪಿಸಿದೆ. ನನ್ನ ಹೆಂಡತಿ ವಸುಧಾ ಕನ್ನಡಕ ಏರಿಸಿಕೊಂಡು ಬಂದಳು. ಸೀರೆ ಅಂಗಡಿಯಲ್ಲಿ ಈರುಳ್ಳಿ ಸಿಪ್ಪೆಯ ಬಣ್ಣಕ್ಕೂ ಹಳೇ ಗುಲಾಬಿ ಬಣ್ಣಕ್ಕೂ ಅರ್ಧ ಗಂಟೆ ವ್ಯತ್ಯಾಸ ಹೇಳಬಲ್ಲ ಕಣ್ಣು ಅದು. “ಕಿತ್ತಳೆಯಂತೆ! ರೀ, ಇದು ಅಪ್ಪಟ ಕುಂಕುಮ” ಎಂದಳು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಬಾಬು ಹೇಳಿದ ಚಿಕಿತ್ಸೆ ಮೂರು. ನೀರು ಬದಲಾಯಿಸುವುದು, ಊಟ ಕಮ್ಮಿ ಮಾಡುವುದು, ಮನಿ ಪ್ಲಾಂಟಿನ ಬಳ್ಳಿಯ ಬುಡವನ್ನು ತೊಟ್ಟಿಯ ನೀರಿಗೆ ಇಳಿಬಿಡುವುದು. ಬೇರು ನೈಟ್ರೇಟನ್ನು ಕುಡಿದು ಬೆಳೆಯುತ್ತದಂತೆ. ಮೊದಲ ಎರಡನ್ನು ಸಿಂಚನ ಆವತ್ತೇ ಶುರು ಮಾಡಿದಳು. ಮೂರನೆಯದಕ್ಕೆ ನಾನು ನರ್ಸರಿಗೆ ಹೋಗಿ, ರಸೀದಿ ಸಮೇತ, ಒಂದು ಸೊಗಸಾದ ಬಳ್ಳಿ ತಂದೆ. ವಾರದೊಳಗೆ ಅದು ಕೊಳೆತು ಲೋಳೆಯಾಯಿತು. ಕೊಳೆತ ಎಲೆಯೂ ಸೇರಿ ಕೊಳವೆಯ ಕುಂಕುಮ ಇನ್ನಷ್ಟು ಗಾಢವಾಯಿತು. ವಸುಧಾ ಹಣೆ ಚಚ್ಚಿಕೊಂಡಳು. “ಮನಿ ಪ್ಲಾಂಟನ್ನ ಯಾರಾದ್ರೂ ದುಡ್ಡು ಕೊಟ್ಟು ತರ್ತಾರಾ? ಕದ್ದು ತಂದ್ರೇನೇ ಹಬ್ಬೋದು. ಚಿಕ್ಕ ಮಕ್ಕಳಿಗೂ ಗೊತ್ತು!” ಇದು ಮೂಢನಂಬಿಕೆ ಎಂದು ವಾದ ಮಾಡಬೇಕೆಂದು ಬಾಯಿ ತೆರೆದೆ. ತಳದಲ್ಲಿ ಜಿಲೇಬಿ ಒಂದು ಪಕ್ಕಕ್ಕೆ ವಾಲಿಕೊಂಡಿತ್ತು. ಅದರ ಮುಂದೆ ಸಿಂಚನ ಗಾಜಿಗೆ ಹಣೆ ಒತ್ತಿ ಕೂತಿದ್ದಳು. ತೆರೆದ ಬಾಯಿ ಮುಚ್ಚಿಕೊಂಡು ಕತ್ತರಿ ಹುಡುಕಿದೆ.

ಮಾರನೆಯ ಬೆಳಿಗ್ಗೆ ಜೀವನದಲ್ಲಿ ಮೊದಲ ಸಲ ನಾನೂ ಕವರ್ ಹಿಡಿದು ವಾಕಿಂಗ್ ಹೊರಟೆ. ಮೂರು ಮನೆ ಆಚೆ ನಾಗರತ್ನಮ್ಮನವರ ಕಾಂಪೌಂಡಿನ ಮೇಲೆ ಮನಿ ಪ್ಲಾಂಟು ಮೊರದಗಲ ಎಲೆ ಬಿಟ್ಟುಕೊಂಡು ಹಬ್ಬಿದೆ. ನಾಗರತ್ನಮ್ಮನವರು ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದ ಮಿಸ್. ಒಂದು ಸಲ ಯಾರೋ ಕದ್ದ ಬಣ್ಣದ ಸೀಮೆಸುಣ್ಣಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಆ ಅನ್ಯಾಯ ನನ್ನ ಎದೆಯಲ್ಲಿ ಇನ್ನೂ ಹಸಿಯಾಗಿದೆ. ಕತ್ತರಿ ಬಳ್ಳಿಗೆ ತಾಗಿದ್ದೇ ತಡ, ಬಾಗಿಲ ಬಳಿಯಿಂದ ದನಿ ಬಂತು. “ಯಾರೋ ಅದು? ಮೂರ್ತಿನೇನೋ?”

ನನ್ನ ಕಾಲು ತಾನಾಗಿಯೇ ಬೆಂಚು ಹುಡುಕಿತು. ನೈಟ್ರೇಟು, ಜಿಲೇಬಿ, ಕುಂಕುಮ, ನರ್ಸರಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ.

“ಅಯ್ಯೋ ಮಂಕೇ, ಕೇಳಿದ್ರೆ ಕೊಡ್ತಿರ್ಲಿಲ್ವೇನೋ?”

“ಕೊಟ್ರೆ ಬರಲ್ವಂತೆ ಮಿಸ್.”

ಮಿಸ್ ಒಂದು ಕ್ಷಣ ಯೋಚಿಸಿದರು. “ಅದೂ ನಿಜವೇ ಅನ್ನು. ಸರಿ, ನಾನು ನೋಡಲ್ಲ, ಒಳಗೆ ಹೋಗಿ ಕಾಫಿ ಬೆರೆಸ್ತೀನಿ. ಅಷ್ಟರಲ್ಲಿ ಕದ್ಕೊಂಡ್ಬಿಡು. ಆದ್ಮೇಲೆ ಬಂದು ಕಾಫಿ ಕುಡಿದು ಹೋಗು.” ಒಳಗೆ ಹೋದವರು ಅಡುಗೆಮನೆಯಿಂದಲೇ ಕೂಗಿದರು. “ಗೆಣ್ಣಿನ ಕೆಳಗೆ ಕತ್ತರಿಸೋ! ಮೇಲೆ ಕತ್ತರಿಸಿದ್ರೆ ಬೇರು ಬಿಡಲ್ಲ!”

“ನೋಡಲ್ಲ ಅಂದ್ರಲ್ಲ ಮಿಸ್?”

“ನೋಡ್ತಿಲ್ಲ ಕಣೋ. ನೀನು ತಪ್ಪು ಮಾಡ್ತಿರ್ತೀಯ ಅಂತ ಗೊತ್ತು!”

ಕದ್ದ ಬಳ್ಳಿ ಹತ್ತು ದಿನಕ್ಕೆ ಬೆಳ್ಳಗೆ ಬೇರು ಬಿಟ್ಟಿತು. ಕೊಳವೆಯ ಕುಂಕುಮ ಕಿತ್ತಳೆಯಾಗಿ, ತಿಂಗಳಾಗುವಷ್ಟರಲ್ಲಿ ಅರಿಶಿನಕ್ಕೆ ಬಂತು. ಒಂದು ಬೆಳಿಗ್ಗೆ ಜಿಲೇಬಿ ಬಾಯಿ ತೆರೆದುಕೊಂಡು ಮೇಲೆ ಬಂದು, ಬಾದುಷಾನ ಪಾಲಿಗೂ ಬಾಯಿ ಹಾಕಿತು. ಸಿಂಚನ ನನ್ನ ಕುತ್ತಿಗೆಗೆ ಜೋತುಬಿದ್ದಳು. ಸುಖವೆಂದರೆ ಅದು, ಮುಚ್ಚುಮರೆ ಯಾಕೆ? ವಾರವಾರ ಬಕೆಟ್ ಹೊತ್ತು ನೀರು ಬದಲಾಯಿಸಿದ್ದು, ಊಟ ಅಳೆದು ಹಾಕಿದ್ದು ಆ ಮಗುವೇ. ಮನೆಯಲ್ಲಿ ಹೆಸರು ಬಂದದ್ದು ಮಾತ್ರ ನನ್ನ ಕಳ್ಳತನಕ್ಕೆ.

ಗೆದ್ದ ಹುಮ್ಮಸ್ಸಿನಲ್ಲಿ ಒಂದು ಕುಡಿಯನ್ನು ಬಾಟಲಿಯಲ್ಲಿಟ್ಟು ಕಚೇರಿಯ ಮೇಜಿಗೂ ತಂದೆ. ಅಲ್ಲೂ ಅದು ಫೈಲುಗಳ ಮೇಲೆ ಚೆನ್ನಾಗಿಯೇ ಹಬ್ಬಿತು. ಹೋದ ವಾರ ಗುಮಾಸ್ತ ಪುಟ್ಟಸ್ವಾಮಿ ಬಂದು ಅದರ ಮುಂದೆ ಕೈಕಟ್ಟಿ ನಿಂತ. ಅವನೂ ಮಗನಿಗೆ ಗೋಲ್ಡ್ ಫಿಷ್ ತಂದುಕೊಟ್ಟಿದ್ದಾನಂತೆ. “ಒಂದು ಕುಡಿ ತಗೊಂಡ್ಹೋಗ್ರೀ, ಅದಕ್ಕೇನು” ಎಂದೆ.

“ಅಯ್ಯೋ, ನೀವು ಕೊಟ್ರೆ ಬರುತ್ತಾ ಸಾರ್? ಒಂದ್ ನಿಮಿಷ ಆ ಕಡೆ ನೋಡಿ ಸಾರ್, ಸಾಕು.”

ಕಿಟಕಿಯ ಕಡೆ ತಿರುಗಿದೆ. ಹಿಂದಿನಿಂದ ಕತ್ತರಿಯ ಸದ್ದು ಕೇಳಿಸಿತು. ಆ ಕಡೆ ನೋಡುತ್ತ ಕೂರುವುದು ನನಗೇನೂ ಕಷ್ಟವಾಗಲಿಲ್ಲ. ವಿಜಿಲೆನ್ಸ್ ಶಾಖೆಯಲ್ಲಿ ಇಪ್ಪತ್ತಾರು ವರ್ಷದಿಂದ ನಾನು ಮಾಡಿಕೊಂಡು ಬಂದಿರುವ ಕೆಲಸವೇ ಅದು.